ವಚನಪಿತಾಮಹ ಫ. ಗು. ಹಳಕಟ್ಟಿಯವರ ವಿದ್ಯಾದಾಸೋಹ

ಕೃಷ್ಣಾ ಘಟಪ್ರಭಾ ನದಿಗಳ ನಡುವಣ ಸೀಮೆಯು ಶರಣಧರ್ಮದ ಇತಿಹಾಸದಲ್ಲಿ ಹಿರಿದಾದ ಸ್ಥಾನವನ್ನು ಪಡೆದಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ, ಬನಹಟ್ಟಿಗಳು ಇಲ್ಲಿ ನೆರೆಹೊರೆಯ ಊರುಗಳಾಗಿ ಬಾಳುತ್ತ ಬಂದಿವೆ. ಮುಧೋಳವು ಕವಿಚಕ್ರವರ್ತಿ ರನ್ನನನ್ನು ಹೆತ್ತ ನೆಲವೆಂದು ಹೆಸರಾದರೆ, ರಬಕವಿ ಬನಹಟ್ಟಿಗಳು ಮಗ್ಗದ ಸಪ್ಪಳದಿಂದಲೇ ಬೆಳಗಾಗುವ ಊರುಗಳು. ನೂಲು ಹಾಸು ಹೊಕ್ಕುಗಳಾಗಿ ಸೀರೆಯಾಗುವಂತೆ ಕಾಯಕವೂ ಭಕ್ತಿಯೂ ಇಲ್ಲಿಯ ಗೃಹಸ್ಥರ ಬಾಳಿನಲ್ಲಿ ಒಂದರೊಳಗೊಂದು ನೆಯ್ದುಕೊಂಡಿದ್ದವು. ಇಂತಹ ನೇಕಾರರ ಹಾಗೂ ಒಕ್ಕಲಿಗರ ಮನೆಗಳಲ್ಲಿ, ಮಠಗಳಲ್ಲಿ, ಓಲೆಗರಿಯ ಕಟ್ಟುಗಳು ಅರಿವೆಯಲ್ಲಿ ಸುತ್ತಿಡಲ್ಪಟ್ಟು, ವಿಭೂತಿ ಪತ್ರಿಗಳಿಂದ ಪೂಜೆಗೊಳ್ಳುತ್ತಿದ್ದವು. ಪೂಜೆ ನಡೆಯುತ್ತಿತ್ತು, ಓದು ನಿಂತುಹೋಗಿತ್ತು. ಒಳಗೇನಿದೆ ಎಂಬುದನ್ನು ಅರಿಯದೆಯೇ ತಲೆಮಾರುಗಳು ಆ ಕಟ್ಟುಗಳಿಗೆ ಕೈಮುಗಿದವು. ಗೆದ್ದಲಿಗೂ ತೇವಕ್ಕೂ ಅಂತಹ ಭಕ್ತಿಯ ಹಂಗು ಇರಲಿಲ್ಲ.

ಆ ಕಟ್ಟುಗಳನ್ನು ಬಿಚ್ಚಿ ಓದಿ ಲೋಕಕ್ಕೆ ನೀಡಿದವರು ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ವಚನಪಿತಾಮಹರೆಂದು ನಾಡು ಅವರನ್ನು ಕೊಂಡಾಡುತ್ತದೆ. ಆದರೆ ಅವರು ವಚನಗಳ ಸಂಪಾದಕರಷ್ಟೇ ಆಗಿರಲಿಲ್ಲ. ವಿದ್ಯೆಗೊಂದು ಸಂಸ್ಥೆ, ಹಣದ ಮುಗ್ಗಟ್ಟಿಗೊಂದು ಬ್ಯಾಂಕು, ಜನರ ತಿಳಿವಿಗೊಂದು ಪತ್ರಿಕೆ ಹೀಗೆ ಊರಿಗೆ ಬೇಕಾದುದನ್ನೆಲ್ಲ ಕಟ್ಟಿದವರು. ಅವರು ನೆಟ್ಟ ವಿದ್ಯಾಸಂಸ್ಥೆಯ ಸಸಿಯು ಮುಂದೆ ವೈದ್ಯಶಿಕ್ಷಣದ, ರೋಗಿಗಳ ಶುಶ್ರೂಷೆಯ ಕೊಂಬೆಗಳನ್ನೂ ಚಾಚಿತು. ಅವರ ಜೀವನವನ್ನು ಈ ದೃಷ್ಟಿಯಿಂದ ನೋಡುವವರು ಕಡಿಮೆ.

ಹಳಕಟ್ಟಿಯವರು ೧೮೮೦ನೆಯ ಇಸವಿ ಜುಲೈ ೨ರಂದು ಧಾರವಾಡದಲ್ಲಿ ಜನಿಸಿದರು. ನೇಕಾರ ಮನೆತನ. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಬರೆಹ ನಡೆಸಿದವರು, ತಾಯಿ ದಾನಮ್ಮನವರು. ಕೂಸು ಇನ್ನೂ ಚಿಕ್ಕದಿರುವಾಗಲೇ ತಾಯಿ ಲಿಂಗೈಕ್ಯರಾದರು. ಅಜ್ಜಿಯ ಮಡಿಲಲ್ಲಿ ಬಾಲ್ಯ ಕಳೆಯಿತು. ಧಾರವಾಡವು ಆ ಕಾಲಕ್ಕೆ ಕನ್ನಡದ ಎಚ್ಚರಕ್ಕೆ ತವರು. ಮನೆಯಲ್ಲಿ ಪುಸ್ತಕ, ಹೊರಗೆ ನಾಡುನುಡಿಯ ಚಿಂತನೆ. ಇವೆರಡರ ನಡುವೆ ಬೆಳೆದ ಬಾಲಕನಿಗೆ ವಿದ್ಯೆಯೆಂಬುದು ಉದ್ಯೋಗದ ಮೆಟ್ಟಿಲು ಮಾತ್ರವಾಗಿ ಕಾಣಿಸಲಿಲ್ಲ.

೧೮೯೬ರಲ್ಲಿ ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಮುಂದಿನ ವ್ಯಾಸಂಗಕ್ಕಾಗಿ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಅದೇ ೧೮೯೬ರಲ್ಲಿ ಮುಂಬಯಿಗೆ ಪ್ಲೇಗು ಕಾಲಿಟ್ಟಿತು. ಲಕ್ಷಾವಧಿ ಜನ ನಗರವನ್ನು ತೊರೆದು ಓಡಿದರು. ಎರಡು ವರುಷಗಳಲ್ಲಿ ಆ ಮಾರಿಯು ಹುಬ್ಬಳ್ಳಿ ಧಾರವಾಡಗಳನ್ನೂ ಮುಟ್ಟಿತು. ಊರವರು ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬಾಳಿದರು. ಹಾಫ್‌ಕಿನ್ ಎಂಬ ವಿಜ್ಞಾನಿಯು ಮುಂಬಯಿಯಲ್ಲಿ ಸಿದ್ಧಪಡಿಸಿದ ಲಸಿಕೆಯನ್ನು ೧೮೯೮ರಲ್ಲಿ ಹುಬ್ಬಳ್ಳಿಯಲ್ಲಿ ಬಹುಸಂಖ್ಯೆಯ ಜನರಿಗೆ ಚುಚ್ಚಲಾಯಿತು. ಹಳಕಟ್ಟಿಯವರ ತಲೆಮಾರಿನ ವಿದ್ಯಾರ್ಥಿಗಳು ಓದಿದ್ದು ಇಂತಹ ದಿನಗಳಲ್ಲಿ. ವಿಜ್ಞಾನವನ್ನು ವಿಷಯವಾಗಿ ಆಯ್ದು ಅವರು ಬಿ. ಎಸ್‌ಸಿ. ಪದವಿಯನ್ನು ಪಡೆದರು, ಬಳಿಕ ಕಾನೂನು ಓದಿ ೧೯೦೪ರಲ್ಲಿ ವಕೀಲರಾದರು. ಮುಂಬಯಿಯಲ್ಲಿ ಓದುತ್ತಿದ್ದ ಆಲೂರು ವೆಂಕಟರಾಯರ ಒಡನಾಟವೂ ಅವರಿಗೆ ದೊರೆಯಿತು. ಗುಜರಾತಿಗಳೂ ಮರಾಠಿಗರೂ ತಮ್ಮ ತಮ್ಮ ಭಾಷೆ ವಿದ್ಯೆಗಳ ಏಳಿಗೆಗಾಗಿ ಸಂಘಗಳನ್ನು ಕಟ್ಟಿಕೊಂಡಿದ್ದ ನಗರವದು. ಕನ್ನಡಿಗರಿಗೆ ಅಂತಹದೇನೂ ಇಲ್ಲದ ಕೊರತೆ ಆ ತರುಣರ ಕಣ್ಣಿಗೆ ಬೀಳದಿರುವುದು ಸಾಧ್ಯವಿರಲಿಲ್ಲ.

ಬೆಳಗಾವಿಯಲ್ಲಿ ಸ್ವಲ್ಪ ಕಾಲ ವಕೀಲಿ ನಡೆಸಿ, ಅವರು ವಿಜಾಪುರಕ್ಕೆ ಬಂದು ನೆಲೆಸಿದರು. ಅಲ್ಲಿಂದಾಚೆಗೆ ಆರು ದಶಕಗಳ ಕಾಲ ಅವರ ಕರ್ಮಭೂಮಿ ಅದೇ.

ಬಿಸಿಲು, ಬರ, ಸಾಲ: ಅಂದಿನ ವಿಜಾಪುರ ಜಿಲ್ಲೆಯನ್ನು ಬಣ್ಣಿಸಲು ಈ ಮೂರು ಮಾತು ಸಾಕು. ಮಳೆ ಕೈಕೊಟ್ಟರೆ ಜೋಳವಿಲ್ಲ. ಜೋಳವಿಲ್ಲದಿದ್ದರೆ ಸಾಹುಕಾರನ ಬಾಗಿಲು. ಒಕ್ಕಲಿಗನು ಸಾಲ ಮಾಡುತ್ತಿದ್ದುದು ಮದುವೆಗಾಗಿ ಮಾತ್ರವೆಂದು ಪಟ್ಟಣಿಗರು ಮೂಗು ಮುರಿಯುವುದುಂಟು. ಮನೆಯಲ್ಲೊಬ್ಬರು ಹಾಸಿಗೆ ಹಿಡಿದರೆ ಎತ್ತು ಮಾರಬೇಕಾಗುತ್ತಿದ್ದ ಸಂಗತಿಯನ್ನು ಅವರು ಬಲ್ಲರೆ? ಬಾವಿ, ಮೆಟ್ಟಿಲುಬಾವಿಗಳ ನೀರನ್ನು ಕುಡಿದು ಈ ಸೀಮೆಯ ಹಳ್ಳಿಗರು ನಾರುಹುಣ್ಣಿನಿಂದ ನರಳುತ್ತಿದ್ದರು. ನೀರಿನೊಳಗಣ ಕಣ್ಣಿಗೆ ಕಾಣದಷ್ಟು ಚಿಕ್ಕ ಜಂತುವಿನ ಮೂಲಕ ಒಡಲನ್ನು ಹೊಕ್ಕ ಹುಳುವು ವರುಷ ತುಂಬುವಷ್ಟರಲ್ಲಿ ಮೊಳಕ್ಕೂ ಮಿಕ್ಕಿ ಬೆಳೆದು ಕಾಲಿನ ಚರ್ಮವನ್ನು ಒಡೆದು ಹೊರಬರುತ್ತಿತ್ತು. ಬಿತ್ತನೆಯ ಹದದಲ್ಲಿಯೇ ರೈತನು ಕಾಲೂರಲಾರದೆ ಮಲಗಬೇಕು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ದಿನವೆಲ್ಲ ಬಾಗಿ ಕೂಡುವ ನೇಕಾರನ ಬೆನ್ನು, ಮೊಣಕಾಲು, ಎದೆಗಳ ಬೇನೆಗೆ ಮನೆಯ ಮದ್ದೇ ಗತಿ. ಇಂತಹ ಸಂಕಟಗಳಿಗೆ ಅಂದು ಊರಲ್ಲಿ ನಾಟಿವೈದ್ಯನನ್ನು, ಮಠದ ಸ್ವಾಮಿಗಳು ಕೊಡುವ ಔಷಧಿಯನ್ನು ಬಿಟ್ಟರೆ ಬೇರೆ ದಿಕ್ಕು ಬಹಳವಿರಲಿಲ್ಲ.

ಆಡಳಿತವಾದರೂ ಒಂದಾಗಿತ್ತೆ? ಜಮಖಂಡಿಯಲ್ಲಿ ಪಟವರ್ಧನರ ಸಂಸ್ಥಾನ, ಮುಧೋಳದಲ್ಲಿ ಘೋರ್ಪಡೆಯವರ ಸಂಸ್ಥಾನ. ರಬಕವಿಯು ಸಾಂಗಲಿ ಸಂಸ್ಥಾನಕ್ಕೆ ಸೇರಿದುದು. ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಒಂದು ಹಗಲಿನ ಬಂಡಿಪಯಣದಲ್ಲಿ ಮೂರು ನಾಲ್ಕು ರಾಜ್ಯಗಳ ಗಡಿಗಳನ್ನು ದಾಟಬೇಕಾಗುತ್ತಿತ್ತು. ಕಠಿನ ರೋಗಕ್ಕೆ ಶಸ್ತ್ರಚಿಕಿತ್ಸೆ ಬೇಕೆಂದರೆ ಕೃಷ್ಣೆಯ ಮೇಲ್ಗಡೆಯ ಮಿರಜೆಗೆ ಹೋಗಬೇಕು. ಅಲ್ಲಿ ವಿಲಿಯಂ ವಾನ್ಲೆಸ್ ಎಂಬ ಮಿಶನರಿ ವೈದ್ಯರು ೧೮೯೪ರಲ್ಲಿ ತೆರೆದ ಆಸ್ಪತ್ರೆಯ ಕೀರ್ತಿ ಕನ್ನಡ ಸೀಮೆಯಲ್ಲೆಲ್ಲ ಹಬ್ಬಿತ್ತು. ಪರಧರ್ಮದವರು ಸಮುದ್ರ ದಾಟಿ ಬಂದು ನಮ್ಮ ರೋಗಿಗಳ ಹುಣ್ಣು ತೊಳೆಯುತ್ತಿದ್ದರು. ದಾಸೋಹವನ್ನೇ ಧರ್ಮದ ಉಸಿರೆಂದು ನಂಬಿದ ಸಮಾಜವು ಈ ಕ್ಷೇತ್ರದಲ್ಲಿ ಇನ್ನೂ ಕಣ್ತೆರೆದಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಇಪ್ಪತ್ತನೆಯ ಶತಮಾನದ ಆ ಮೊದಲ ವರುಷಗಳಲ್ಲಿಯೇ ಹಳಕಟ್ಟಿಯವರ ಬಾಳನ್ನು ತಿರುಗಿಸಿದ ಘಟನೆಯು ರಬಕವಿಯಲ್ಲಿ ಜರುಗಿತು. ಅಲ್ಲಿಯ ಮಂಚಾಲೆಯವರ ಮನೆಯಲ್ಲಿ ಅವರು ಕೆಲವು ಓಲೆಗರಿಯ ಪ್ರತಿಗಳನ್ನು ಕಂಡರು. ಷಟ್‌ಸ್ಥಲ ತಿಲಕ, ಪ್ರಭುದೇವರ ವಚನ ಎಂಬ ಗ್ರಂಥಗಳು ಅವುಗಳಲ್ಲಿದ್ದವು. ವಿಜ್ಞಾನ ಓದಿದ, ಕಾನೂನಿನ ವಾದಸರಣಿಯಲ್ಲಿ ಪಳಗಿದ ತರುಣನು ಆ ಹಳೆಯ ಲಿಪಿಯನ್ನು ಬಿಡಿಸಿ ಓದುತ್ತ ಹೋದಂತೆ ಬೆರಗಾದನು. ಏಳೆಂಟು ನೂರು ವರುಷಗಳ ಹಿಂದೆ ತನ್ನದೇ ನಾಡಿನ ಅಂಬಿಗರು, ಮಡಿವಾಳರು, ನೇಕಾರರು, ಹೆಣ್ಣುಮಕ್ಕಳು ದೇವರನ್ನೂ ಬದುಕನ್ನೂ ಕುರಿತು ಇಷ್ಟು ನೇರವಾಗಿ, ಇಷ್ಟು ನಿರ್ಭಯವಾಗಿ ಮಾತನಾಡಿದ್ದರು. ಅದನ್ನು ಕಾಲೇಜಿನ ಯಾವ ಪಾಠವೂ ತಿಳಿಸಿರಲಿಲ್ಲ. ನೇಕಾರರ ಊರಿನಲ್ಲಿ, ನೇಕಾರ ಮನೆತನದವರೊಬ್ಬರ ಕೈಗೆ, ಜೇಡರ ದಾಸಿಮಯ್ಯನ ಪರಂಪರೆಯ ನುಡಿಗಳು ಹೀಗೆ ಮರಳಿ ದೊರೆತುದನ್ನು ಭಕ್ತರು ಶಿವಸಂಕಲ್ಪವೆಂದು ಬಗೆದರೆ ಆಕ್ಷೇಪಿಸುವವರಾರು!

ಅಂದಿನಿಂದ ಓಲೆಗರಿಗಳ ಬೇಟೆ ತೊಡಗಿತು. ಕೋರ್ಟಿನ ಬಿಡುವಿನಲ್ಲಿ ಹಳ್ಳಿ ಹಳ್ಳಿ ತಿರುಗಿ, ಮಠ ಮನೆಗಳ ಬಾಗಿಲು ಬಡಿದು, ಕೊಡಲೊಲ್ಲದವರನ್ನು ಒಲಿಸಿ, ಪ್ರತಿಗಳನ್ನು ತಂದು ನಕಲು ಮಾಡಿದರು. ಪೂಜೆಯ ವಸ್ತುವನ್ನು ಮನೆಯಿಂದ ಹೊರಗೆ ಕಳಿಸಲು ಗೃಹಸ್ಥರು ಹಿಂಜರಿಯುವುದು ಸಹಜ. ಒಂದು ಪ್ರತಿಗಾಗಿ ಒಂದೇ ಊರಿಗೆ ಮತ್ತೆ ಮತ್ತೆ ಹೋಗುವ ತಾಳ್ಮೆ ಅವರಲ್ಲಿತ್ತು. ಅವರು ಕೈಹಚ್ಚುವುದಕ್ಕೆ ಮೊದಲು ಸುಮಾರು ಐವತ್ತು ವಚನಕಾರರ ಹೆಸರು ಮಾತ್ರ ಪಂಡಿತರಿಗೆ ಪರಿಚಿತವಾಗಿತ್ತು. ಅವರ ಶೋಧನೆಯಿಂದ ಆ ಸಂಖ್ಯೆ ಇನ್ನೂರನ್ನು ದಾಟಿತು.

ವಚನಗಳನ್ನು ಓದಿದವರು ಅನೇಕರು. ಅವು ಹೇಳಿದುದನ್ನು ಊರ ನಡುವೆ ಮಾಡಿ ತೋರಿದವರು ವಿರಳ. ಹಳಕಟ್ಟಿಯವರು ಓಲೆಗರಿಯ ಕಟ್ಟು ಬಿಚ್ಚುತ್ತಿದ್ದಾಗಲೇ ಇನ್ನೊಂದು ಕೈಯಿಂದ ಸಂಸ್ಥೆ ಕಟ್ಟಿದರು. ೧೯೧೦ರಲ್ಲಿ ವಿಜಾಪುರ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆಯು ಅವರ ಮುಂದಾಳುತನದಲ್ಲಿ ಜನ್ಮ ತಾಳಿತು, ಬಿ. ಎಲ್. ಡಿ. ಇ. ಎಂಬ ಇಂಗ್ಲಿಷ್ ಅಕ್ಷರಗಳಿಂದಲೇ ಇಂದು ಎಲ್ಲರೂ ಅದನ್ನು ಬಲ್ಲರು. ಅದೇ ಕಾಲದಲ್ಲಿ ನೆರೆಹೊರೆಯಲ್ಲಿಯೂ ಇಂತಹ ಎಚ್ಚರ ಮೂಡಿದ್ದಿತು. ಬಾಗಲಕೋಟೆಯಲ್ಲಿ ಬೀಳೂರು ಗುರುಬಸವ ಸ್ವಾಮಿಗಳ ಪ್ರೇರಣೆಯಿಂದ ೧೯೦೬ರಲ್ಲಿಯೇ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಸ್ಥಾಪಿತವಾಗಿತ್ತು. ಬೆಳಗಾವಿಯಲ್ಲಿ ೧೯೧೬ರಲ್ಲಿ ಏಳು ಮಂದಿ ಶಿಕ್ಷಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿದರು. ಹಾನಗಲ್ಲ ಕುಮಾರ ಸ್ವಾಮಿಗಳು ೧೯೦೯ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ನಿರ್ಮಿಸಿದ್ದರು. ಸರಕಾರವು ನೀಡದುದನ್ನು ಸಮಾಜವು ತಾನೇ ನೀಡಿಕೊಳ್ಳಬೇಕೆಂಬ ಛಲ ಆ ಇಡೀ ತಲೆಮಾರಿನದು.

ಸಂಸ್ಥೆಯ ಆರಂಭ ಬಲು ಸಣ್ಣದು. ಭಂಡವಾಳವೆಂದರೆ ವ್ಯಾಪಾರಸ್ಥರ, ಒಕ್ಕಲಿಗರ ದೇಣಿಗೆ. ವಕೀಲರ ಬಿಡುವಿನ ವೇಳೆ. ಸಿದ್ಧೇಶ್ವರ ಹೈಸ್ಕೂಲು ಆ ಸಂಸ್ಥೆಯ ಹಿರಿಯ ಮಗು. ಹಳ್ಳಿಯ ಹುಡುಗನು ಬುತ್ತಿ ಕಟ್ಟಿಕೊಂಡು ಪಟ್ಟಣಕ್ಕೆ ಬಂದು ಇಂಗ್ಲಿಷ್ ಓದುವುದೇ ಅಂದು ಮಹತ್ತಾದ ಸಾಹಸ. ವೈದ್ಯನಾಗುವುದಂತೂ ಕನಸಿನ ಮಾತು. ಆ ವಿದ್ಯೆಗೆ ಮುಂಬಯಿಗೋ ಪುಣೆಗೋ ಹೋಗಬೇಕು. ವರುಷಾನುವರುಷ ಅಲ್ಲಿದ್ದು ಉಣ್ಣಬೇಕು. ಮೊದಲಾಗಿ ಹೈಸ್ಕೂಲನ್ನು ಮುಗಿಸಿರಬೇಕು. ಮೊದಲ ಮೆಟ್ಟಿಲೇ ಇಲ್ಲದಲ್ಲಿ ಅಟ್ಟವನ್ನು ಏರುವುದು ಹೇಗೆ? ಆದುದರಿಂದ ಆ ಸಣ್ಣ ಹೈಸ್ಕೂಲನ್ನು ಮುಂದಿನ ವೈದ್ಯಶಿಕ್ಷಣದ ತಳಹದಿಯ ಕಲ್ಲೆಂದು ಎಣಿಸುವುದು ತಪ್ಪಾಗಲಾರದು.

೧೯೧೨ರಲ್ಲಿ ಅವರು ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೆ ಕಾರಣರಾದರು. ಸಹಕಾರದ ಕಾಯದೆ ದೇಶದಲ್ಲಿ ಜಾರಿಗೆ ಬಂದುದು ೧೯೦೪ರಲ್ಲಿ; ಎಂಟು ವರುಷಗಳೊಳಗೆ ವಿಜಾಪುರದಂತಹ ಬಿಸಿಲೂರಿನಲ್ಲಿ ಅದರ ಫಲ ಕಂಡಿತು. ಹತ್ತು ಜನ ಹತ್ತಿಪ್ಪತ್ತು ರೂಪಾಯಿ ಕೂಡಿಸಿ ಹನ್ನೊಂದನೆಯವನಿಗೆ ಕಡಿಮೆ ಬಡ್ಡಿಯಿಂದ ಸಾಲ ಕೊಡುವ ಈ ಏರ್ಪಾಟನ್ನು ಲೆಕ್ಕದ ವ್ಯವಹಾರವೆಂದು ತಳ್ಳಿಬಿಡಲಾಗದು. ರೋಗ ಬಂದ ಮನೆಯು ಸಾಲದ ಬಲೆಗೆ ಬೀಳದಂತೆ ತಡೆಯುವುದೂ ಒಂದು ಬಗೆಯ ಚಿಕಿತ್ಸೆಯೇ. ನಗರಸಭೆಯ ಕೆಲಸದಲ್ಲಿಯೂ ಅವರು ದುಡಿದರು. ವಿಜಾಪುರಕ್ಕೆ ಕುಡಿಯುವ ನೀರನ್ನು ಒದಗಿಸಿದ ಭೂತನಾಳ ಕೆರೆಯ ಕಾರ್ಯದಲ್ಲಿ ಅವರ ಪಾತ್ರವನ್ನು ಹಿರಿಯರು ನೆನೆಯುತ್ತ ಬಂದಿದ್ದಾರೆ. ಆದಿಲಶಾಹಿಯ ಕಾಲದಲ್ಲಿ ಸುರಂಗಗಳ ಮೂಲಕ ನೀರನ್ನು ತಂದು ಉಂಡ ಆ ನಗರವು ಇಪ್ಪತ್ತನೆಯ ಶತಮಾನದಲ್ಲಿ ನೀರಿಗಾಗಿ ಬಾಯಾರಿತ್ತೆಂಬುದು ಸೋಜಿಗ.

೧೯೧೮ರಲ್ಲಿ ಮಳೆ ಕೈಕೊಟ್ಟಿತು. ಅದೇ ವರುಷ ಇನ್‌ಫ್ಲೂಯೆಂಜಾ ಎಂಬ ಮಹಾಮಾರಿ ಬಂದಿತು. ಮುಂಬಯಿ ಇಲಾಖೆಯೊಂದರಲ್ಲಿಯೇ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಸತ್ತರೆಂದು ಅಂದಾಜು. ಹಸಿದ ಒಡಲು ಜ್ವರವನ್ನು ತಡೆಯಲಾರದು. ಬೆಳೆ ಕೊಯ್ಯುವವರಿಲ್ಲದೆ, ಹೂಳುವವರಿಲ್ಲದೆ ಹಳ್ಳಿಗಳು ಪಾಳುಬಿದ್ದವು. ಇಂತಹ ಸೀಮೆಯಿಂದಲೇ ಹಳಕಟ್ಟಿಯವರು ೧೯೨೦ರಲ್ಲಿ ಮುಂಬಯಿ ಶಾಸನಸಭೆಯ ಸದಸ್ಯರಾಗಿ ಹೋದರು; ೧೯೨೩ರ ವರೆಗೆ ಅಲ್ಲಿದ್ದರು.

ಈ ಎಲ್ಲ ಸಾರ್ವಜನಿಕ ಕಾರ್ಯದ ನಡುವೆ ವಚನಗಳ ಕೆಲಸ ನಿಂತಿರಲಿಲ್ಲ. ೧೯೨೨ರಲ್ಲಿ ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವನ್ನು ಇಂಡಿಯನ್ ಆಂಟಿಕ್ವೆರಿ ಎಂಬ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿ ಹೊರನಾಡಿನ ಪಂಡಿತರ ಗಮನವನ್ನು ಸೆಳೆದರು. ವಿಷಯಾನುಸಾರವಾಗಿ ವಿಂಗಡಿಸಿದ ವಚನಗಳ ದೊಡ್ಡ ಸಂಗ್ರಹವು ಆಗಲೇ ಸಿದ್ಧವಾಗಿತ್ತು. ಮುದ್ರಣಕ್ಕೆಂದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದ ಆ ಹಸ್ತಪ್ರತಿ ಅಚ್ಚಾಗದೆ ಮರಳಿ ಬಂದಿತು. ಕೊನೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವು ೧೯೨೩ರಲ್ಲಿ ಬೆಳಕು ಕಂಡಿತು. ಪರರ ಮುದ್ರಣಾಲಯವನ್ನು ನಂಬಿ ಕುಳಿತರೆ ಕೆಲಸ ಸಾಗದೆಂದು ಮನಗಂಡು ತಮ್ಮ ಮನೆಯನ್ನೇ ಮಾರಿ ೧೯೨೫ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರುಷ ಶಿವಾನುಭವ ಪತ್ರಿಕೆ, ೧೯೨೭ರಲ್ಲಿ ನವಕರ್ನಾಟಕ ವಾರಪತ್ರಿಕೆ. ೧೯೨೬ರಲ್ಲಿ ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷ ಪೀಠದಲ್ಲಿ ಕುಳ್ಳಿರಿಸಿ ಗೌರವಿಸಿತು.

ಮನೆ ಮಾರಿದ ಸಂಗತಿಯನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸುವುದು ಸುಲಭ. ಅದರ ಭಾರವನ್ನು ಹೊತ್ತವರು ಮನೆಯಾಕೆ ಭಾಗೀರಥಿಬಾಯಿಯವರು. ವಕೀಲಿಯಲ್ಲಿ ಬೆಳೆದು ಶ್ರೀಮಂತರಾಗಬಹುದಾಗಿದ್ದ ಗಂಡನು ದಿನೇ ದಿನೇ ಕೋರ್ಟಿಗೆ ದೂರವಾಗಿ ಓಲೆಗರಿಗಳಿಗೆ ಹತ್ತಿರವಾದನು. ಸ್ವಂತ ಮನೆ ಹೋಗಿ ಬಾಡಿಗೆಯ ಮನೆ ಬಂದಿತು. ಬಂದ ಹಣವೆಲ್ಲ ಕಾಗದಕ್ಕೆ, ಅಚ್ಚುಮೊಳೆಗೆ ಹೋಯಿತು. ಗೃಹಸ್ಥರಾದವರು ಇದನ್ನು ತಮ್ಮ ಮನೆಯ ಮಾತಾಗಿ ಎಣಿಸಿ ನೋಡಬೇಕು. ಮಠಾಧಿಪತಿಗಳ ತ್ಯಾಗವು ತಮ್ಮೊಬ್ಬರದು. ಸಂಸಾರಿಯು ತ್ಯಾಗ ಮಾಡಿದರೆ ಅಡಿಗೆಮನೆಯ ಡಬ್ಬಿಗಳೂ ಅದರಲ್ಲಿ ಪಾಲುಗೊಳ್ಳುತ್ತವೆ. ಹಳಕಟ್ಟಿಯವರ ಕಥನವನ್ನು ಹಾಡುವವರು ಅವರ ಹರಿದ ಕೋಟನ್ನು ಬಣ್ಣಿಸುತ್ತಾರೆ. ಅದಕ್ಕೆ ತೇಪೆ ಹಚ್ಚಿದ ಕೈಯನ್ನು ನೆನೆಯುವುದು ಅಪರೂಪ.

ಪತ್ರಿಕೆಗೆ ಚಂದಾದಾರರು ಸಾಕಷ್ಟಿರಲಿಲ್ಲ. ಸಂಚಿಕೆಗಳನ್ನು ತರಿಸಿಕೊಂಡು ಹಣ ಕಳಿಸದವರಿದ್ದರು. ಪುಸ್ತಕವನ್ನು ಕೊಂಡಾಡಿ ಕೊಳ್ಳದವರಿದ್ದರು. ಆದರೂ ಮೂರು ದಶಕಗಳಿಗೂ ಮಿಕ್ಕಿ ಅವರು ಶಿವಾನುಭವವನ್ನು ನಡೆಸಿಕೊಂಡು ಬಂದರು. ಲೇಖಕರು ತಾವೇ, ಸಂಪಾದಕರು ತಾವೇ. ಎಷ್ಟೋ ಸಲ ಕರಡು ತಿದ್ದಿ ಅಂಚೆಗೆ ಹಾಕುವವರೂ ತಾವೇ. ಹರಿಹರನ ರಗಳೆಗಳು ಮೊದಲಾದ ಹಳೆಯ ಕಾವ್ಯಗಳನ್ನೂ ಅಚ್ಚು ಹಾಕಿಸಿದರು. ಬಿ. ಎಂ. ಶ್ರೀಕಂಠಯ್ಯನವರು ವಿಜಾಪುರಕ್ಕೆ ಬಂದಾಗ ಗೋಲಗುಮ್ಮಟಕ್ಕೆ ಮೊದಲು ವಚನಗುಮ್ಮಟವಾದ ಹಳಕಟ್ಟಿಯವರನ್ನು ಕಾಣಬಯಸಿದರೆಂಬ ಸಂಗತಿ ಜನಜನಿತವಾಗಿದೆ. ಸರಕಾರವು ರಾವಬಹದ್ದೂರ ಪದವಿಯನ್ನಿತ್ತಿತು. ಕರ್ನಾಟಕ ವಿಶ್ವವಿದ್ಯಾಲಯವು ೧೯೫೬ರಲ್ಲಿ ಗೌರವ ಡಾಕ್ಟರೇಟನ್ನು ನೀಡಿತು. ಪದವಿಗಳು ಬಂದವು, ಬಡತನವೂ ಕಡೆಯ ವರೆಗೆ ಬಿಡದೆ ಬಂದಿತು. ಸಮಾಜವು ತನ್ನ ಹಿರಿಯರನ್ನು ಸನ್ಮಾನಿಸುವುದರಲ್ಲಿ ತೋರುವ ಆತುರವನ್ನು ಅವರ ಹೊಟ್ಟೆಬಟ್ಟೆಯನ್ನು ವಿಚಾರಿಸುವುದರಲ್ಲಿ ತೋರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇತ್ತ ನಾಡಿನ ರೂಪವೂ ಬದಲಾಯಿತು. ೧೯೪೮ರಲ್ಲಿ ಜಮಖಂಡಿ, ಮುಧೋಳ, ಸಾಂಗಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಲೀನವಾದವು. ಜಮಖಂಡಿ ಮುಧೋಳಗಳು ವಿಜಾಪುರ ಜಿಲ್ಲೆಯನ್ನು ಸೇರಿದವು. ೧೯೫೬ರ ನವಂಬರ ೧ರಂದು ಕನ್ನಡನಾಡು ಒಂದಾಯಿತು. ಏಕೀಕರಣಕ್ಕಾಗಿ ಆಲೂರರೊಡನೆ ದನಿಗೂಡಿಸಿದ್ದ ಹಳಕಟ್ಟಿಯವರು ಅದನ್ನು ಕಣ್ಣಾರೆ ಕಂಡರು. ೧೯೫೭ರಲ್ಲಿ ಹುಬ್ಬಳ್ಳಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ತೆರೆಯಿತು. ೧೯೬೩ರಲ್ಲಿ ಬೆಳಗಾವಿಯಲ್ಲಿಯೂ ಕಲಬುರ್ಗಿಯಲ್ಲಿಯೂ ಸಮಾಜದ ವಿದ್ಯಾಸಂಸ್ಥೆಗಳೇ ವೈದ್ಯಕೀಯ ಕಾಲೇಜುಗಳನ್ನು ಆರಂಭಿಸಿದವು. ಐವತ್ತು ವರುಷಗಳ ಹಿಂದೆ ಹೈಸ್ಕೂಲು ತೆರೆಯಲು ದೇಣಿಗೆ ಎತ್ತಿದ ತಲೆಮಾರಿನ ಶ್ರಮ ಎಲ್ಲಿಗೆ ಮುಟ್ಟಿತೆಂಬುದನ್ನು ಕಾಣುವಷ್ಟು ಕಾಲ ಅವರು ಬದುಕಿದ್ದರು. ೧೯೬೪ರ ಜೂನ್ ೨೯ರಂದು, ಎಂಬತ್ತನಾಲ್ಕು ತುಂಬಲು ಮೂರೇ ದಿನ ಉಳಿದಿರುವಾಗ, ಅವರು ವಿಜಾಪುರದಲ್ಲಿ ಲಿಂಗೈಕ್ಯರಾದರು.

ಅವರು ಹುಟ್ಟುಹಾಕಿದ ಸಂಸ್ಥೆಯ ಬೆಳವಣಿಗೆ ಬಂಥನಾಳದ ಸಂಗನಬಸವ ಶಿವಯೋಗಿಗಳ ಮಾರ್ಗದರ್ಶನದಲ್ಲಿ ಮುಂದುವರಿಯಿತು. ಜೋಳಿಗೆ ಹಿಡಿದು ಊರೂರು ತಿರುಗಿದ ಆ ಪೂಜ್ಯರ ಹೆಸರು ವಿಜಾಪುರ ಸೀಮೆಯ ಭಕ್ತರ ನಾಲಗೆಯ ಮೇಲಿದೆ. ಜಮಖಂಡಿಯಲ್ಲಿಯೂ ಸಂಸ್ಥೆಯ ಕಲೆ, ವಾಣಿಜ್ಯ ಹಾಗೂ ವಿಜ್ಞಾನ ಮಹಾವಿದ್ಯಾಲಯವು ನೆಲೆಗೊಂಡಿತು. ಮುಧೋಳ, ಬನಹಟ್ಟಿಗಳ ಕಡೆಯ ವಿದ್ಯಾರ್ಥಿಗಳಿಗೆ ಪದವಿಯ ಓದು ಮನೆಯ ಹತ್ತಿರಕ್ಕೆ ಬಂದಿತು. ೧೯೮೦ರಲ್ಲಿ ವಿಜಾಪುರದಲ್ಲಿ ಸ್ಥಾಪಿತವಾದ ಇಂಜಿನಿಯರಿಂಗ್ ಕಾಲೇಜಿಗೆ ವಚನಪಿತಾಮಹರ ಹೆಸರನ್ನಿಡಲಾಯಿತು. ೧೯೮೬ರಲ್ಲಿ, ಅಂದರೆ ಹಳಕಟ್ಟಿಯವರು ಲಿಂಗೈಕ್ಯರಾದ ಇಪ್ಪತ್ತೆರಡು ವರುಷಗಳ ತರುವಾಯ, ಶ್ರೀ ಬಿ. ಎಂ. ಪಾಟೀಲ ವೈದ್ಯಕೀಯ ಮಹಾವಿದ್ಯಾಲಯವೂ ಅದರ ಆಸ್ಪತ್ರೆಯೂ ತಲೆಯೆತ್ತಿದವು. ಆಯುರ್ವೇದ, ಔಷಧವಿಜ್ಞಾನ, ಶುಶ್ರೂಷಾ ಶಿಕ್ಷಣಗಳ ಶಾಲೆಗಳೂ ಸಂಸ್ಥೆಯ ಆಶ್ರಯದಲ್ಲಿವೆ. ೨೦೦೮ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವು ಸ್ವಾಯತ್ತ ವಿಶ್ವವಿದ್ಯಾಲಯಕ್ಕೆ ಸಮಾನವಾದ ಮನ್ನಣೆಯನ್ನು ಗಳಿಸಿತು.

ವೈದ್ಯಕೀಯ ಕಾಲೇಜೊಂದು ಊರಿಗೆ ಬಂದರೆ ಆಗುವ ಲಾಭವೇನೆಂಬುದು ಗೃಹಸ್ಥರಿಗೆ ಸ್ಪಷ್ಟವಾಗಿರುವುದು ಒಳ್ಳೆಯದು. ಇಂತಹ ಕಾಲೇಜು ಆಸ್ಪತ್ರೆಯಿಲ್ಲದೆ ನಡೆಯಲಾರದು. ಪುಸ್ತಕದಿಂದ ರೋಗದ ಹೆಸರನ್ನು ಕಲಿಯಬಹುದು. ನಾಡಿ ಹಿಡಿಯುವುದನ್ನು, ಹೊಟ್ಟೆ ಮುಟ್ಟಿ ನೋಡುವುದನ್ನು ರೋಗಿಯ ಹಾಸಿಗೆಯ ಬದಿಯಲ್ಲಿಯೇ ಕಲಿಯಬೇಕು. ನೂರಾರು ಹಾಸಿಗೆಗಳು, ಬೇರೆ ಬೇರೆ ಅಂಗಗಳ ತಜ್ಞರು, ಹಗಲಿರುಳು ತೆರೆದ ಶಸ್ತ್ರಚಿಕಿತ್ಸಾಲಯ, ರಕ್ತದ ಭಂಡಾ​ರ ಇವೆಲ್ಲ ವಿದ್ಯಾರ್ಥಿಗಳಿಗಾಗಿ ಇರಲೇಬೇಕಾದುದರಿಂದ ರೋಗಿಗಳಿಗೂ ದೊರೆಯುತ್ತವೆ. ಸಮುದಾಯ ವೈದ್ಯವೆಂಬ ವಿಭಾಗವೊಂದಿದ್ದು, ಅದರ ಅಧ್ಯಾಪಕರೂ ವಿದ್ಯಾರ್ಥಿಗಳೂ ಹಳ್ಳಿಗಳಿಗೆ ಹೋಗಿ ಕುಡಿಯುವ ನೀರು, ಕೂಸುಗಳ ತೂಕ, ಲಸಿಕೆ, ಬಸುರಿ ಬಾಣಂತಿಯರ ಆರೈಕೆಗಳನ್ನು ವಿಚಾರಿಸಬೇಕೆಂಬ ನಿಯಮವಿದೆ. ಪದವಿ ಕೈಸೇರುವ ಮೊದಲು ಒಂದು ವರುಷ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಬೇಕು. ಅದರಲ್ಲೊಂದು ಪಾಲು ಗ್ರಾಮಾಂತರದ ಆರೋಗ್ಯಕೇಂದ್ರದಲ್ಲಿ ಸಲ್ಲಬೇಕು. ನಾರುಹುಣ್ಣು ಹೋದುದು ಔಷಧಿಯಿಂದಲ್ಲ. ಮೆಟ್ಟಿಲುಬಾವಿಗೆ ಬದಲಾಗಿ ಕೊಳವೆಬಾವಿ ಬಂದು, ನೀರನ್ನು ಸೋಸಿ ಕುಡಿಯುವ ತಿಳಿವಳಿಕೆಯು ಮನೆಮನೆಗೆ ಮುಟ್ಟಿದುದರಿಂದ ಅದು ದೇಶದಿಂದಲೇ ತೊಲಗಿತು. ೨೦೦೦ದಲ್ಲಿ ಭಾರತವು ಆ ರೋಗದಿಂದ ಮುಕ್ತವೆಂದು ಜಾಗತಿಕ ಆರೋಗ್ಯ ಸಂಸ್ಥೆಯು ಸಾರಿತು.

ಬಾಗಲಕೋಟೆಯು ೧೯೯೭ರಲ್ಲಿ ಬೇರೆ ಜಿಲ್ಲೆಯಾದಾಗ ಜಮಖಂಡಿ, ಮುಧೋಳ, ಬೀಳಗಿಗಳು ಅದಕ್ಕೆ ಸೇರಿದವು. ಬೀಳೂರು ಗುರುಬಸವ ಸ್ವಾಮಿಗಳ ಸಂಘವು ೨೦೦೨ರಲ್ಲಿ ಅಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯವನ್ನು ಆರಂಭಿಸಿತು. ಅದರ ಆಸ್ಪತ್ರೆಗೆ ಹಾನಗಲ್ಲ ಕುಮಾರೇಶ್ವರರ ನಾಮಧೇಯ. ಹೀಗೆ ಮಿರಜೆಯೊಂದನ್ನೇ ನೆಚ್ಚಿದ್ದ ಸೀಮೆಗೆ ಈಗ ಬೆಳಗಾವಿ, ಬಾಗಲಕೋಟೆ, ವಿಜಾಪುರ ಮೂರೂ ದಿಕ್ಕುಗಳಲ್ಲಿ, ಶತಮಾನದ ಹಿಂದೆ ದೇಣಿಗೆಯ ಬಲದಿಂದ ಹುಟ್ಟಿದ ಸಂಘಗಳೇ ನಡೆಸುವ ದೊಡ್ಡ ಆಸ್ಪತ್ರೆಗಳಿವೆ.

ಆದರೂ ಒಂದು ತೊಡಕು ಉಳಿದಿದೆ. ವೈದ್ಯಶಿಕ್ಷಣವು ಬಹು ವೆಚ್ಚದ್ದು. ಖಾಸಗಿ ಕಾಲೇಜುಗಳ ಶುಲ್ಕವು ಮಗ್ಗವನ್ನೇ ನಂಬಿದ ರಬಕವಿಯ ಮನೆಗೆ ಎಟುಕುವಂತಹದಲ್ಲ. ಬುತ್ತಿ ಕಟ್ಟಿಕೊಂಡು ಬಂದ ಹುಡುಗನಿಗಾಗಿ ತೆರೆದ ಬಾಗಿಲುಗಳು ಹಣವುಳ್ಳವರ ಮಕ್ಕಳಿಗೆ ಮಾತ್ರ ಅಗಲವಾದರೆ ಹಳಕಟ್ಟಿಯವರ ಮೂಲಸಂಕಲ್ಪಕ್ಕೆ ಭಂಗ ಬರದಿರದು. ಬಡ ವಿದ್ಯಾರ್ಥಿಯ ಶುಲ್ಕವನ್ನು ಭರಿಸುವ ವಿದ್ಯಾರ್ಥಿವೇತನ, ಬಡ ರೋಗಿಗೆ ಕಡಿಮೆ ವೆಚ್ಚದ ಹಾಸಿಗೆ ಇವು ಎಷ್ಟು ಹೆಚ್ಚಿದರೂ ಅಧಿಕವಾಗವು. ದೇಣಿಗೆಯನ್ನು ಕೊಡುವ ಕೈಗಳು ಕಟ್ಟಡದ ಮೇಲಣ ಹೆಸರಿನ ಕಲ್ಲಿಗಿಂತ ಇತ್ತ ತಿರುಗುವುದು ಲೇಸು. ಮನೆ ಮಾರಿ ಅಚ್ಚುಕೂಟ ಹಾಕಿದ ಮಹನೀಯರು ತಮ್ಮ ಹೆಸರನ್ನು ಅದರ ಬಾಗಿಲಿಗೂ ಬರೆಸಲಿಲ್ಲ, ಹಿತಚಿಂತಕವೆಂದಷ್ಟೇ ಕರೆದರು.

ವಿಜಾಪುರದಲ್ಲಿ ಆ ಸಂಸ್ಥೆಯದೇ ಅಂಗವಾಗಿ ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರವೊಂದಿದೆ. ಅವರು ಬರೆದ, ಸಂಪಾದಿಸಿದ ಸಾಹಿತ್ಯವನ್ನೆಲ್ಲ ಡಾ. ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಸಂಪುಟಗಳಾಗಿ ಅದು ಹೊರತಂದಿದೆ. ಅವರು ಹುಟ್ಟಿದ ಜುಲೈ ೨ನೆಯ ದಿನವನ್ನು ಕರ್ನಾಟಕ ಸರಕಾರವು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತ ಬಂದಿದೆ.